ಇಂಪ್ಲಾಂಟ್ ಮೇಲಿನ ಲೇಪನ, ದವಡೆ ಮೂಳೆಯ ಮೇಲಿನ ಭಾರ

ಹಲ್ಲಿನ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಯೊಳಗೆ ಕೂರಿಸುವ ಸ್ಕ್ರೂ) ಕುರಿತು ಬಂದ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇವೆ: ಇಂಪ್ಲಾಂಟ್ ಮೇಲಿನ ಕೋಟಿಂಗ್‌ನಿಂದ ಸುತ್ತಲಿನ ಮೂಳೆಗೆ ಬೀಳುವ ಒತ್ತಡ ಕಡಿಮೆಯಾಗುತ್ತದೆಯೇ? ಬರೆದವರಲ್ಲಿ ಹಲ್ಲು ಕಟ್ಟಿಸಿಕೊಳ್ಳುವವರೂ ಇದ್ದಾರೆ, ಕಟ್ಟುವವರೂ ಇದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಕೆಳದವಡೆಯ ಎಡಗಡೆ ಎರಡು ದವಡೆ ಹಲ್ಲು ತೆಗೆಸಿದ್ದೇನೆ. ಒಬ್ಬ ಡಾಕ್ಟರು ಸಾದಾ ಇಂಪ್ಲಾಂಟ್ ಸಾಕು ಅಂತಾರೆ. ಇನ್ನೊಬ್ಬರು ಕೋಟಿಂಗ್ ಇರುವುದನ್ನೇ ಹಾಕಿಸಿ, ಅಗಿಯುವಾಗ ಮೂಳೆಗೆ ಬೀಳುವ ಒತ್ತಡವನ್ನು ಅದು ಹೀರಿಕೊಳ್ಳುತ್ತೆ ಅಂತಾರೆ. ಬೆಲೆಯಲ್ಲಿ ಸಾಕಷ್ಟು ವ್ಯತ್ಯಾಸವಿದೆ. ಅವರು ಹೇಳುವುದು ನಿಜವೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಹೀರಿಕೊಳ್ಳುವುದಿಲ್ಲ. ಲೇಪನದಿಂದ ಬೇರೆ ಉಪಯೋಗಗಳಿವೆ, ಆದರೆ ಇದು ಅವುಗಳಲ್ಲಿ ಸೇರಿಲ್ಲ.

ಲೆಕ್ಕ ಹಾಕಿ ನೋಡಿ. 4 ಮಿ.ಮೀ. ದಪ್ಪದ ಟೈಟೇನಿಯಂ ಇಂಪ್ಲಾಂಟ್, ಅದರ ಮೇಲೆ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ-ಫಾಸ್ಫೇಟ್ ಲೇಪನ ಅಂದುಕೊಳ್ಳಿ. ನಮ್ಮ ಮೂಳೆ, ಹಲ್ಲುಗಳಲ್ಲಿರುವ ಖನಿಜವೂ ಇದೇ ಜಾತಿಯದು. ಪ್ಲಾಸ್ಮಾ ಜ್ವಾಲೆಯಲ್ಲಿ ಪುಡಿಯನ್ನು ಕರಗಿಸಿ ಸಿಂಪಡಿಸಿದ ಈ ಪದರ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು ಇರುತ್ತದೆ, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಒಳಗಿನ ಲೋಹದ ಅಡ್ಡಕೊಯ್ತ 12.6 ಚದರ ಮಿ.ಮೀ., ಸುತ್ತಲಿನ ಲೇಪನದ್ದು ಬರೀ 0.63. ಟೈಟೇನಿಯಂನ ಸ್ಥಿತಿಸ್ಥಾಪಕತೆ (ಭಾರಕ್ಕೆ ಬಗ್ಗದೆ ನಿಲ್ಲುವ ಗಡಸುತನದ ಅಳತೆ) ಸುಮಾರು 105 ಗಿಗಾಪಾಸ್ಕಲ್. ಸಿಂಪಡಿಸಿದ ಪದರದೊಳಗೆ ರಂಧ್ರ, ಸಣ್ಣ ಬಿರುಕು ಇರುವುದರಿಂದ ಅದಕ್ಕೆ 40 ಅಂತ ಹಿಡಿಯೋಣ. ಗುಣಿಸಿದರೆ ಲೋಹದ ಪಾಲು 1,320, ಲೇಪನದ ಪಾಲು 25. ನೇರವಾಗಿ ಒತ್ತುವ ಭಾರದಲ್ಲಿ ಲೇಪನದ ಕೊಡುಗೆ ಶೇಕಡಾ ಎರಡು. ಪಕ್ಕದಿಂದ ಬಾಗಿಸುವ ಬಲಕ್ಕೆ ಇದೇ ಲೆಕ್ಕ ಮಾಡಿದರೆ ಶೇಕಡಾ ನಾಲ್ಕರಷ್ಟು ಬರುತ್ತದೆ. ಹಸು ಕಟ್ಟುವ ಗೂಟಕ್ಕೆ ಬಣ್ಣ ಬಳಿದರೆ ಅದು ಅಲುಗಾಡುವ ರೀತಿ ಎಷ್ಟು ಬದಲಾದೀತೋ ಇಲ್ಲೂ ಅಷ್ಟೇ.

ಮೂಳೆಗೆ ಬೀಳುವ ಭಾರವನ್ನು ನಿಜವಾಗಿ ಏರಿಳಿಸುವ ಸಂಗತಿಗಳು ಬೇರೆ ಇವೆ. ಮೊದಲನೆಯದು ಇಂಪ್ಲಾಂಟ್‌ನ ವ್ಯಾಸ. 4 ಮಿ.ಮೀ. ಬದಲು 5 ಮಿ.ಮೀ. ಹಾಕಲು ಮೂಳೆಯಲ್ಲಿ ಜಾಗವಿದ್ದರೆ, ಬಾಗುವಿಕೆಯಿಂದ ಇಂಪ್ಲಾಂಟ್‌ನೊಳಗೆ ಹುಟ್ಟುವ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಂಪ್ಲಾಂಟ್ ಮೂಳೆಯಿಂದ ಹೊರಬರುವ ಜಾಗದ, ಅಂದರೆ ಅದರ ಕುತ್ತಿಗೆಯ ಸುತ್ತಲಿನ ಮೂಳೆಯಲ್ಲಿ ಅಷ್ಟೊಂದು ಇಳಿಯದಿದ್ದರೂ ಇಳಿಯುವುದಂತೂ ಹೌದು. ಎರಡನೆಯದು ಮೂಳೆಯ ಮೇಲೆ ಕ್ಯಾಪ್ ಎಷ್ಟು ಎತ್ತರ ನಿಂತಿದೆ ಎಂಬುದು. 100 ನ್ಯೂಟನ್ ಬಲ, ಅಂದರೆ ಸುಮಾರು ಹತ್ತು ಕಿಲೋ ಭಾರ, 10 ಮಿ.ಮೀ. ಮೇಲಿನಿಂದ ಅಡ್ಡಡ್ಡ ತಳ್ಳಿದರೆ ಕುತ್ತಿಗೆಯಲ್ಲಿ 1,000 ನ್ಯೂಟನ್-ಮಿ.ಮೀ. ಬಾಗುಬಲ ಬೀಳುತ್ತದೆ. ಹಲ್ಲು ಹೋಗಿ ವರ್ಷಗಳಾಗಿ ಮೂಳೆ ತಗ್ಗಿ, ಅದೇ ಕ್ಯಾಪ್ 15 ಮಿ.ಮೀ. ಎತ್ತರ ಬೇಕಾದರೆ 1,500. ನಿಮ್ಮ ಹಲ್ಲು ತೆಗೆಸಿ ಎಷ್ಟು ಕಾಲವಾಯಿತು ಎಂದು ಡಾಕ್ಟರು ಕೇಳುವುದಕ್ಕೆ ಇದೂ ಒಂದು ಕಾರಣ. ಎರಡು ಹಲ್ಲಿಗೆ ಎರಡು ಇಂಪ್ಲಾಂಟೋ, ಒಂದೇ ಇಂಪ್ಲಾಂಟ್ ಮೇಲೆ ಪಕ್ಕಕ್ಕೆ ಚಾಚಿದ ಎರಡು ಕ್ಯಾಪೋ ಎನ್ನುವುದೂ ಮುಖ್ಯ. ಎರಡನೆಯದನ್ನು ಹೇಳಿದರೆ ಒಪ್ಪಬೇಡಿ.

ಹಾಗಾದರೆ ಲೇಪನ ಏತಕ್ಕೆ? ಮೂಳೆ ಬೇಗ ಬಂದು ಅಂಟಿಕೊಳ್ಳಲಿ ಅಂತ. 1991ರಲ್ಲಿ ಡೇನಿಯಲ್ ಬೂಸರ್ ಮತ್ತು ಸಂಗಡಿಗರು ಗಿಡ್ಡ ತಳಿಯ ಹಂದಿಗಳ ಮೇಲೆ ಪ್ರಯೋಗ ಮಾಡಿದ್ದರು. ನಯ ಮಾಡಿದ ಟೈಟೇನಿಯಂ ಮೇಲ್ಮೈಗೆ ಮೂಳೆ ಶೇಕಡಾ 20–25ರಷ್ಟು ಜಾಗದಲ್ಲಿ ತಾಗಿತ್ತು. ಮರಳು ಸಿಡಿಸಿ ಆಸಿಡ್‌ನಲ್ಲಿ ಕೊರೆಸಿದ್ದಕ್ಕೆ 50–60, ಹೈಡ್ರಾಕ್ಸಿಅಪಟೈಟ್ ಲೇಪನಕ್ಕೆ 60–70. ಅಷ್ಟರಲ್ಲೇ ಆ ಲೇಪನ ಅಲ್ಲಲ್ಲಿ ಕರಗುತ್ತಿದ್ದದ್ದೂ ಅವರಿಗೆ ಕಂಡಿತ್ತು.

ಈಗ ನಿಮ್ಮ ಕೈಗೆ ಬಂದಿರುವ ಎರಡು ದರಪಟ್ಟಿಯ ವಿಷಯ. 'ಸಾದಾ' ಎಂದವರು ಕೊಡುವುದು ಬಹುಶಃ ಮರಳು ಸಿಡಿಸಿ ಆಸಿಡ್ ಮಾಡಿದ ಒರಟು ಮೇಲ್ಮೈ. ಪೂರ್ತಿ ನಯವಾದದ್ದು ಈಗ ಅಂಗಡಿಯಲ್ಲಿ ಸಿಗುವುದೇ ಅಪರೂಪ. ಒರಟು ಮೇಲ್ಮೈಗೆ ಹೊರಗಿನಿಂದ ಏನನ್ನೂ ಅಂಟಿಸಿರುವುದಿಲ್ಲ, ಹಾಗಾಗಿ ಕಿತ್ತು ಬರುವ ಭಯವೂ ಇಲ್ಲ. ಕೆಳದವಡೆಯ ಮೂಳೆ ಸಾಮಾನ್ಯವಾಗಿ ಗಟ್ಟಿ. ನಿಮಗೆ ಸಕ್ಕರೆ ಕಾಯಿಲೆ ಹಿಡಿತದಲ್ಲಿದ್ದು, ಬೀಡಿ-ಸಿಗರೇಟು ಇಲ್ಲದೆ, ಸ್ಕ್ಯಾನ್‌ನಲ್ಲಿ ಮೂಳೆ ಚೆನ್ನಾಗಿದ್ದರೆ ಹೆಚ್ಚಿನ ದುಡ್ಡು ಕೊಡುವ ಅಗತ್ಯ ನಮಗೆ ಕಾಣುವುದಿಲ್ಲ. ಡಾಕ್ಟರರನ್ನು ಹೀಗೆ ಕೇಳಿ: ವ್ಯಾಸ ಎಷ್ಟು, ಉದ್ದ ಎಷ್ಟು, ಕೆಳಗಿನ ನರಕ್ಕೆ 2 ಮಿ.ಮೀ. ಅಂತರ ಉಳಿಯುತ್ತದೆಯೇ, ಎರಡು ಇಂಪ್ಲಾಂಟ್ ನಡುವೆ 3 ಮಿ.ಮೀ. ಮೂಳೆ ಇರುತ್ತದೆಯೇ? ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೇಳಿ ಪಡೆದು ಇಟ್ಟುಕೊಳ್ಳಿ. ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಅದರಲ್ಲಿರುತ್ತದೆ. ಹತ್ತು ವರ್ಷದ ನಂತರ ಒಂದು ಸ್ಕ್ರೂ ಸಡಿಲವಾದರೆ ಬೇರೆ ಊರಿನ ಡಾಕ್ಟರರಿಗೆ ಅದೊಂದೇ ಆಧಾರ.

ಎಂ.ಡಿ.ಎಸ್. ಪ್ರಬಂಧಕ್ಕಾಗಿ ಫೈನೈಟ್ ಎಲಿಮೆಂಟ್ ಮಾಡೆಲ್ (ವಸ್ತುವನ್ನು ಸಣ್ಣ ತುಣುಕುಗಳಾಗಿ ಒಡೆದು ಒತ್ತಡ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ) ಮಾಡುತ್ತಿದ್ದೇನೆ. ಲೇಪನವಿಲ್ಲದ ಇಂಪ್ಲಾಂಟ್‌ಗೂ 50 ಮೈಕ್ರಾನ್ ಹೈಡ್ರಾಕ್ಸಿಅಪಟೈಟ್ ಲೇಪನದ ಇಂಪ್ಲಾಂಟ್‌ಗೂ ಮೂಳೆಯ ಒತ್ತಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರುತ್ತಿಲ್ಲ. ಮೆಶ್ (ಆ ತುಣುಕುಗಳ ಬಲೆ) ಸಣ್ಣದು ಮಾಡಿದಾಗಲೆಲ್ಲ ಕುತ್ತಿಗೆಯ ಹತ್ತಿರ ಗರಿಷ್ಠ ಒತ್ತಡ ಏರುತ್ತಲೇ ಹೋಗುತ್ತದೆ. ಎಲ್ಲಿ ತಪ್ಪಿದ್ದೇನೆ?
— ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಮೊದಲನೆಯದು ತಪ್ಪೇ ಅಲ್ಲ. ಮೇಲಿನ ಉತ್ತರದ ಲೆಕ್ಕ ನೋಡಿದರೆ ಬರಬೇಕಾದ ಫಲಿತಾಂಶವೇ ನಿಮಗೆ ಬಂದಿದೆ. ಎರಡೂ ಮಾಡೆಲ್‌ಗಳಲ್ಲಿ ಮೂಳೆ ಮತ್ತು ಇಂಪ್ಲಾಂಟ್‌ಗಳನ್ನು ಪೂರ್ತಿ ಬೆಸೆದಂತೆ ಹಿಡಿದಿದ್ದರೆ, ಲೇಪನದ ಗಡಸುತನವೊಂದೇ ಬದಲಾಗಿರುತ್ತದೆ. ಅದರಿಂದ ದೊಡ್ಡದೇನೂ ಹೊರಬರುವುದಿಲ್ಲ.

ನಿಜವಾದ ವ್ಯತ್ಯಾಸವಿರುವುದು ಗಡಿಯಲ್ಲಿ. ನಯವಾದ ಮೇಲ್ಮೈ ಮೂಳೆಯನ್ನು ತಳ್ಳಬಲ್ಲದು, ಎಳೆಯಲಾರದು. ಕ್ಯಾಪ್ ಮೇಲೆ ಓರೆಯಾಗಿ ಭಾರ ಬಿದ್ದಾಗ ಇಂಪ್ಲಾಂಟ್ ಒಂದು ಬದಿಯ ಮೂಳೆಯನ್ನು ಒತ್ತುತ್ತದೆ, ಎದುರು ಬದಿಯಲ್ಲಿ ಗಡಿ ಕಣ್ಣಿಗೆ ಕಾಣದಷ್ಟು ತೆರೆದುಕೊಳ್ಳುತ್ತದೆ. ಇಡೀ ಭಾರ ಒಂದೇ ಬದಿಗೆ. ಲೇಪನಕ್ಕೋ ಒರಟು ಮೇಲ್ಮೈಗೋ ಮೂಳೆ ಕಚ್ಚಿಕೊಂಡಿದ್ದರೆ ಎದುರು ಬದಿಯೂ ಎಳೆತದಲ್ಲಿ ಕೈಜೋಡಿಸುತ್ತದೆ, ಇಂಪ್ಲಾಂಟ್‌ನ ಉದ್ದಕ್ಕೂ ಜಾರುಬಲ ಹಂಚಿಹೋಗುತ್ತದೆ. ಹಾಗಾಗಿ ನಿಮ್ಮ ಹೋಲಿಕೆ ಹೀಗಿರಲಿ: ನಯ ಮೇಲ್ಮೈಗೆ ಘರ್ಷಣೆಯ ಸಂಪರ್ಕ (ಗುಣಾಂಕ 0.3 ಅನ್ನು ಈ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಸುತ್ತಾರೆ), ಮೂಳೆ ಕೂಡಿದ ಲೇಪನಕ್ಕೆ ಬೆಸೆದ ಸಂಪರ್ಕ. ಮೂರನೆಯದಾಗಿ, ಲೇಪನವಿದ್ದೂ ಇನ್ನೂ ಮೂಳೆ ಕೂಡದ ಮೊದಲ ವಾರದ ಸ್ಥಿತಿ. ಇದೂ ಘರ್ಷಣೆಯ ಸಂಪರ್ಕವೇ, ಗುಣಾಂಕ ಮಾತ್ರ ಹೆಚ್ಚು. ಈ ಮೂರನ್ನು ಪಕ್ಕಪಕ್ಕ ಇಟ್ಟರೆ ಪ್ರಬಂಧಕ್ಕೆ ತಿರುಳು ಸಿಗುತ್ತದೆ.

ಅಂಕಿಗಳ ವಿಷಯಕ್ಕೆ ಬರೋಣ. ಹೊರಗಿನ ಗಟ್ಟಿ ಮೂಳೆಗೆ 13.7 ಗಿಗಾಪಾಸ್ಕಲ್, ಒಳಗಿನ ಸ್ಪಂಜಿನಂಥ ಮೂಳೆಗೆ 1.37, ಎರಡಕ್ಕೂ ಪಾಯ್ಸನ್ ಅನುಪಾತ 0.3. ಇವು ಹಳೆಯ ರೂಢಿಯ ಬೆಲೆಗಳು. ಹೋಲಿಕೆಗೆ ಅನುಕೂಲವೆಂದು ಇಟ್ಟುಕೊಳ್ಳಿ. ಆದರೆ ಸ್ಪಂಜು ಮೂಳೆಗೆ 0.5 ಹಾಕಿಯೂ ಒಮ್ಮೆ ಓಡಿಸಿ, ಮೇಲ್ದವಡೆಯ ಹಿಂಭಾಗದಲ್ಲಿ ಅದು ಅಷ್ಟು ಮೆತ್ತಗಿರುವುದುಂಟು. ಲೇಪನಕ್ಕೆ ಒಂದೇ ಬೆಲೆ ನಂಬಬೇಡಿ. ಗಟ್ಟಿಯಾಗಿ ಸುಟ್ಟ ಹೈಡ್ರಾಕ್ಸಿಅಪಟೈಟ್ 80–110ರಷ್ಟಿದ್ದರೂ ಸಿಂಪಡಿಸಿದ ಪದರ ಅದರ ಅರ್ಧಕ್ಕಿಂತ ಕೆಳಗೂ ಇರಬಹುದು. 10, 40, 80 ಎಂದು ಮೂರು ಸಲ ಓಡಿಸಿ. ಮೂರರಲ್ಲೂ ಮೂಳೆಯ ಫಲಿತಾಂಶ ಹೆಚ್ಚುಕಡಿಮೆ ಅಲ್ಲೇ ನಿಲ್ಲುವುದನ್ನು ಪಟ್ಟಿಯಲ್ಲಿ ತೋರಿಸಿದರೆ ಪರೀಕ್ಷಕರ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಕ್ಕಂತೆ.

ಎರಡನೆಯ ತೊಂದರೆ, ಮೆಶ್ ಜೊತೆಗೆ ಏರುವ ಒತ್ತಡ, ಇದನ್ನು ಬಹಳ ಮಂದಿ ಎಡವಿ ಬೀಳುವ ಕಲ್ಲು ಅನ್ನಬಹುದು. ಮೂಳೆಯ ಮೇಲಂಚು ಇಂಪ್ಲಾಂಟ್‌ಗೆ ಚೂಪಾದ ಕೋನದಲ್ಲಿ ಸೇರುವ ಬಿಂದುವಿನಲ್ಲಿ ಒತ್ತಡ ಗಣಿತದ ದೃಷ್ಟಿಯಿಂದ ಅನಂತ. ಎಲಿಮೆಂಟ್ ಸಣ್ಣದಾದಷ್ಟೂ ಅಲ್ಲಿನ ಸಂಖ್ಯೆ ಏರುತ್ತದೆ, ಎಂದೂ ನೆಲೆಗೊಳ್ಳುವುದಿಲ್ಲ. ಆ ಒಂದು ನೋಡ್‌ನ ಗರಿಷ್ಠ ಬೆಲೆಯನ್ನು ವರದಿ ಮಾಡಿ, ಎರಡು ಮಾಡೆಲ್‌ಗಳ ಮೆಶ್ ಬೇರೆಬೇರೆ ಇದ್ದರಂತೂ, ಲೇಪನದ ಪರಿಣಾಮ ಅಂತ ನೀವು ತೋರಿಸುವುದು ಮೆಶ್‌ನ ಪರಿಣಾಮ ಆಗಿಬಿಡುತ್ತದೆ. ಗಡಿಯಿಂದ 0.2 ಮಿ.ಮೀ. ಒಳಗೆ ಮೂಳೆಯಲ್ಲಿ ಒಂದು ಗೆರೆ ಹಾಕಿ ಅದರುದ್ದಕ್ಕೂ ಒತ್ತಡ ಓದಿ. ಇಲ್ಲವೇ ಮೇಲಿನ 1 ಮಿ.ಮೀ. ಎತ್ತರದ ಮೂಳೆಯ ಬಳೆಯಲ್ಲಿ ಸರಾಸರಿ ತೆಗೆಯಿರಿ. ಎಲಿಮೆಂಟ್ ಅಳತೆಯನ್ನು ಎರಡು ಸಲ ಅರ್ಧಕ್ಕಿಳಿಸಿದಾಗಲೂ ಈ ಸರಾಸರಿ ಶೇಕಡಾ ಐದರೊಳಗೆ ನಿಂತರೆ ಸಾಕು. ಲೇಪನದ ದಪ್ಪದಲ್ಲಿ ಕನಿಷ್ಠ ಎರಡು-ಮೂರು ಎಲಿಮೆಂಟ್ ಇರಲಿ. ಅಷ್ಟು ಸಣ್ಣ ಮೆಶ್ ಕಂಪ್ಯೂಟರ್ ತಡೆಯದಿದ್ದರೆ ಶೆಲ್ ಎಲಿಮೆಂಟ್ ಬಳಸಿ. ಲೇಪನವಿಲ್ಲದ ಮಾಡೆಲ್‌ಗೂ ಅದೇ ಮೆಶ್ ಇಟ್ಟು ಆ ಪದರಕ್ಕೆ ಟೈಟೇನಿಯಂನ ಗುಣ ಕೊಡಿ. ಆಗ ಹೋಲಿಕೆ ಸಾಚಾ.

ಇನ್ನೆರಡು ಮಾತು. ಮೂಳೆಗೆ ಫಾನ್ ಮಿಸೆಸ್ ಒತ್ತಡ ಕೊಟ್ಟು ಮುಗಿಸಬೇಡಿ, ಅದು ಲೋಹಕ್ಕೆ ಹೊಂದುವ ಅಳತೆ. ಮೂಳೆ ಎಳೆತಕ್ಕಿಂತ ಒತ್ತುವಿಕೆಯನ್ನು ಹೆಚ್ಚು ತಾಳುತ್ತದೆ, ಆದ್ದರಿಂದ ಗರಿಷ್ಠ ಮತ್ತು ಕನಿಷ್ಠ ಪ್ರಧಾನ ಒತ್ತಡಗಳನ್ನು ಬೇರೆ ಬೇರೆಯಾಗಿ ಕೊಡಿ. ಜೊತೆಗೆ ಸ್ಟ್ರೈನ್ (ಮೂಳೆ ಎಷ್ಟು ಪಾಲು ಹಿಗ್ಗಿತು, ಕುಗ್ಗಿತು ಎಂಬ ಅಳತೆ) ಕೊಡಿ. ಹ್ಯಾರಲ್ಡ್ ಫ್ರಾಸ್ಟ್ 1987ರಲ್ಲಿ ಮುಂದಿಟ್ಟ ಮೆಕ್ಯಾನೊಸ್ಟ್ಯಾಟ್ (ಭಾರಕ್ಕೆ ತಕ್ಕಂತೆ ಮೂಳೆ ಬೆಳೆಯುವ, ಕರಗುವ) ಲೆಕ್ಕದಲ್ಲಿ ಸುಮಾರು 3,000 ಮೈಕ್ರೋಸ್ಟ್ರೈನ್ ದಾಟಿದರೆ ಮೂಳೆಗೆ ಅತಿಭಾರ. 13.7 ಗಿಗಾಪಾಸ್ಕಲ್‌ನ ಗಟ್ಟಿ ಮೂಳೆಯಲ್ಲಿ ಅದು 41 ಮೆಗಾಪಾಸ್ಕಲ್, 1.37ರ ಸ್ಪಂಜು ಮೂಳೆಯಲ್ಲಿ ಕೇವಲ 4. ನಿಮ್ಮ ಬಣ್ಣದ ಚಿತ್ರದಲ್ಲಿ ಸ್ಪಂಜು ಮೂಳೆ ತಣ್ಣನೆಯ ನೀಲಿಯಾಗಿ ಕಂಡರೂ ಅಲ್ಲಿ ಮಿತಿ ಮೀರಿರಬಹುದು. ಆ ಮಿತಿಗಳು ಕೈಕಾಲಿನ ಉದ್ದ ಮೂಳೆಗಳ ಅಧ್ಯಯನದಿಂದ ಬಂದವು ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ.

ನೇರ ಭಾರ ಮಾತ್ರ ಹಾಕಿದ್ದರೆ 30 ಡಿಗ್ರಿ ಓರೆಯಲ್ಲಿ 100 ನ್ಯೂಟನ್ ಸೇರಿಸಿ. 200 ನ್ಯೂಟನ್ ನೇರ ಭಾರ 4 × 10 ಮಿ.ಮೀ. ಇಂಪ್ಲಾಂಟ್‌ನ ಸುತ್ತಳತೆಗೆ ಸಮನಾಗಿ ಹಂಚಿದರೆ ಗಡಿಯ ಜಾರು ಒತ್ತಡ ಸರಾಸರಿ 1.6 ಮೆಗಾಪಾಸ್ಕಲ್ ಅಷ್ಟೇ. ಮೂಳೆಯನ್ನು ಕಾಡುವುದು ಓರೆ ಭಾರ. ಕೊನೆಗೆ, ಮಾಡೆಲ್ ಶೂನ್ಯ ಒತ್ತಡದಿಂದ ಶುರುವಾಗುತ್ತದೆ, ನಿಜವಾದ ಲೇಪನ ಹಾಗಲ್ಲ. ಬಿಸಿಯಲ್ಲಿ ಸಿಂಪಡಿಸಿದ ಹೈಡ್ರಾಕ್ಸಿಅಪಟೈಟ್ ತಣ್ಣಗಾಗುವಾಗ ಟೈಟೇನಿಯಂಗಿಂತ ಹೆಚ್ಚು ಕುಗ್ಗಲು ನೋಡುತ್ತದೆ, ಲೋಹ ಬಿಡುವುದಿಲ್ಲ. ಹೀಗೆ ಉಳಿದುಕೊಂಡ ಒತ್ತಡವೇ ಪದರದಲ್ಲಿ ಸಣ್ಣ ಬಿರುಕುಗಳಿಗೆ ದಾರಿ. ನಿಮ್ಮ ಅಧ್ಯಯನದ ಮಿತಿಗಳಲ್ಲಿ ಇದನ್ನು ಬರೆಯಲೇಬೇಕು.

ಕೆಳದವಡೆಯ ಮುಂಭಾಗದ ಬಹಳ ಗಟ್ಟಿ ಮೂಳೆಯಲ್ಲಿ ಹೈಡ್ರಾಕ್ಸಿಅಪಟೈಟ್ ಲೇಪನದ ಇಂಪ್ಲಾಂಟ್ ಇಳಿಸುವಾಗ ಟಾರ್ಕ್ (ತಿರುಗಿಸುವ ಬಲ) 60 ನ್ಯೂಟನ್-ಸೆಂ.ಮೀ. ದಾಟಿತು. ಹಿಂದಕ್ಕೆ ತಿರುಗಿಸಿ ತೆಗೆದಾಗ ಥ್ರೆಡ್ ಅಂಚಿನಲ್ಲಿ ಬಿಳಿ ಪುಡಿ, ಒಂದೆರಡು ಕಡೆ ಬೂದು ಲೋಹ ಕಂಡಿತು. ಅದನ್ನೇ ಮತ್ತೆ ಹಾಕಬಹುದೇ?
— ದಂತವೈದ್ಯರು, ಹುಬ್ಬಳ್ಳಿ

ಹಾಕಬೇಡಿ. ಪದರ ಒಂದು ಕಡೆ ಎದ್ದಿದ್ದರೆ ಪಕ್ಕದಲ್ಲೂ ಸಡಿಲವಾಗಿರುತ್ತದೆ. ಮೂಳೆ ಬಂದು ಅಂಟಿಕೊಂಡರೂ ಅದು ಅಂಟಿಕೊಳ್ಳುವುದು ಲೋಹದಿಂದ ಬಿಟ್ಟ ಪದರಕ್ಕೆ.

ಇದು ಯಾಕಾಗುತ್ತದೆ ಎಂದರೆ, ಶಸ್ತ್ರಚಿಕಿತ್ಸೆಯ ಲೇಪನಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 13779ರ ಎರಡನೇ ಭಾಗ ಕೇಳುವ ಅಂಟುಬಲ ಕನಿಷ್ಠ 15 ಮೆಗಾಪಾಸ್ಕಲ್. 35 ನ್ಯೂಟನ್-ಸೆಂ.ಮೀ. ಟಾರ್ಕ್ 4 ಮಿ.ಮೀ. ಇಂಪ್ಲಾಂಟ್‌ನ 10 ಮಿ.ಮೀ. ಉದ್ದಕ್ಕೂ ಹಂಚಿದರೆ ಮೇಲ್ಮೈಯ ಜಾರು ಒತ್ತಡ 1.4 ಮೆಗಾಪಾಸ್ಕಲ್, ಚಿಂತೆಯಿಲ್ಲ. ಆದರೆ ಗಟ್ಟಿ ಮೂಳೆಯಲ್ಲಿ ಹಿಡಿತ ಹೆಚ್ಚಾಗಿ ಮೇಲಿನ ಎರಡು ಮಿಲಿಮೀಟರಿನಲ್ಲೇ ಬೀಳುತ್ತದೆ. ಆಗ ಅದೇ 35ಕ್ಕೆ 7 ಆಗುತ್ತದೆ, 60ಕ್ಕೆ 12, 70ಕ್ಕೆ 14. ಮಾನದಂಡದ ಪರೀಕ್ಷೆ ಎಳೆತದ್ದು, ಇಲ್ಲಿರುವುದು ಜಾರುವಿಕೆ, ನಿಜ. ಹೋಲಿಕೆ ಒರಟು. ಆದರೂ ಥ್ರೆಡ್ ಅಂಚಿನಲ್ಲಿ ಒತ್ತಡ ಸರಾಸರಿಗಿಂತ ಹೆಚ್ಚೇ ಇರುವುದರಿಂದ, 60ರಲ್ಲಿ ಪುಡಿ ಎದ್ದದ್ದು ಆಶ್ಚರ್ಯವಲ್ಲ.

ಆ ಕ್ಷಣ ಮಾಡಬೇಕಾದ್ದು: ಗುಳಿಯನ್ನು ತಣ್ಣನೆಯ ಸ್ಟೆರೈಲ್ ಸಲೈನ್‌ನಿಂದ ಸಿರಿಂಜ್ ಒತ್ತಿ ಚೆನ್ನಾಗಿ ತೊಳೆಯಿರಿ. ಒಳಗೆ ಉಳಿದ ತುಣುಕುಗಳನ್ನು ನುಂಗಲು ಬರುವ ಜೀವಕೋಶಗಳು ಮೂಳೆಯನ್ನೂ ಕೆಣಕುತ್ತವೆ. ಆಮೇಲೆ ಗಟ್ಟಿ ಮೂಳೆಗೆಂದು ಆ ಕಂಪನಿ ಕೊಟ್ಟಿರುವ ಕೊನೆಯ ಡ್ರಿಲ್ ಹಾಕಿ, ಮೇಲಂಚಿಗೆ ಕಾರ್ಟಿಕಲ್ ಡ್ರಿಲ್ ತೋರಿಸಿ, ಬೋನ್ ಟ್ಯಾಪ್‌ನಿಂದ ನಿಧಾನ ಥ್ರೆಡ್ ಕೊರೆಯಿರಿ. 15–25 ಆರ್‌ಪಿಎಂ ಸಾಕು. ಡ್ರಿಲ್ ಮೊಂಡಾಗಿದ್ದರೆ ಬದಲಿಸಿ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಯಲು ಶುರುವಾಗುತ್ತದೆ ಎಂದು 1983ರಲ್ಲೇ ತೋರಿಸಲಾಗಿದೆ. ಗಟ್ಟಿ ಮೂಳೆಯಲ್ಲಿ ಆ ಬಿಸಿ ಮುಟ್ಟಲು ಬಹಳ ಹೊತ್ತು ಬೇಡ. ಹೊಸ ಇಂಪ್ಲಾಂಟ್ ಇಳಿಸುವಾಗ 45 ತಲುಪಿದರೆ ನಿಲ್ಲಿಸಿ, ಅರ್ಧ ಸುತ್ತು ಹಿಂದೆ ಬಂದು, ಅರ್ಧ ನಿಮಿಷ ತಡೆದು ಮುಂದುವರಿಯಿರಿ. ರಾಟ್ಚೆಟ್‌ಗೆ ಜೋರು ಕೊಟ್ಟು ಮುಗಿಸುವ ಅಭ್ಯಾಸದಿಂದ ಲೇಪನ ಉಳಿದರೂ ಮೂಳೆ ಉಳಿಯುವುದಿಲ್ಲ. ಮೇಲಂಚಿನ ಗಟ್ಟಿ ಮೂಳೆ ಹಿಂಡಿಹೋಗಿ, ರಕ್ತ ಸಂಚಾರ ಕಟ್ಟಿ, ಮೊದಲ ಕೆಲವು ತಿಂಗಳಲ್ಲೇ ಎಕ್ಸ್‌ರೇಯಲ್ಲಿ ಬಟ್ಟಲಿನಂಥ ತಗ್ಗು ಕಾಣಿಸುತ್ತದೆ.

ಲೇಪನದ ಇಂಪ್ಲಾಂಟನ್ನು ಕೈಗವಸಿನಿಂದ, ಸ್ಟೀಲ್ ಇಕ್ಕಳದಿಂದ ಮುಟ್ಟಬೇಡಿ, ಜೊಲ್ಲು ತಾಗಿಸಬೇಡಿ. ಡಬ್ಬಿಯಿಂದ ನೇರ ಗುಳಿಗೆ ಹೋಗಬೇಕು. ಮೊದಲಿಗೇ ಕೇಳಿದ್ದರೆ ಅಲ್ಲಿ ಲೇಪನ ಬೇಡ ಅನ್ನುತ್ತಿದ್ದೆವು. ಲೆಕ್‌ಹೋಮ್ ಮತ್ತು ಜಾರ್ಬ್ 1985ರಲ್ಲಿ ವಿಂಗಡಿಸಿದ ನಾಲ್ಕು ಬಗೆಗಳಲ್ಲಿ ಮೊದಲನೆಯ, ಅತಿ ಗಟ್ಟಿ ಮೂಳೆಯಲ್ಲಿ ಲೇಪನದ ಲಾಭ ಅತ್ಯಂತ ಕಡಿಮೆ, ಅಪಾಯ ಅತ್ಯಂತ ಹೆಚ್ಚು.

ಇಂಪ್ಲಾಂಟ್ ಹಾಕಿಸಿ ಒಂದು ವರ್ಷ. ಎಕ್ಸ್‌ರೇಯಲ್ಲಿ ಕುತ್ತಿಗೆಯ ಸುತ್ತ ಮೂಳೆ ಸ್ವಲ್ಪ ಇಳಿದಿದೆಯಂತೆ. ಕೋಟಿಂಗ್ ಸವೆದು ಹೀಗಾಗಿದೆಯೇ?
— ಗೃಹಿಣಿ, ಮೈಸೂರು

ಎಷ್ಟು ಇಳಿದಿದೆ ಎಂಬುದರ ಮೇಲೆ ಇದೆ. 1986ರಿಂದ ಬಳಕೆಯಲ್ಲಿರುವ ಅಳತೆಯ ಪ್ರಕಾರ ಮೊದಲ ವರ್ಷ 1.5 ಮಿ.ಮೀ.ವರೆಗೆ ಇಳಿತವನ್ನು ಸಹಜವೆಂದು ಒಪ್ಪುತ್ತಿದ್ದರು, ಆಮೇಲೆ ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಿಮೆ ಇರಬೇಕು. ಈಗಿನ ವಿನ್ಯಾಸಗಳಲ್ಲಿ ಮೊದಲ ವರ್ಷ ಅದಕ್ಕಿಂತ ಕಡಿಮೆ ಇರಲೆಂದು ನಿರೀಕ್ಷೆ. ವಸಡಿನ ಅಂಗಾಂಶ ತನಗೆ ಬೇಕಾದಷ್ಟು ಜಾಗ ಮಾಡಿಕೊಳ್ಳುವುದು, ಕ್ಯಾಪ್ ಕೂರಿಸಿದಾಗ ಒಳಗೆ ಉಳಿದ ಸಿಮೆಂಟ್, ವಸಡು ತೀರ ತೆಳುವಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಮೂಳೆಯೊಳಗಿನ ಲೇಪನ ಅಗಿಯುವುದರಿಂದ ಸವೆಯುವುದಿಲ್ಲ, ಎಕ್ಸ್‌ರೇಯಲ್ಲಿ ಅದು ಪ್ರತ್ಯೇಕವಾಗಿ ಕಾಣುವುದೂ ಇಲ್ಲ.

ಕ್ಯಾಪ್ ಕೂರಿಸಿದ ದಿನದ ಎಕ್ಸ್‌ರೇ ಇದ್ದರೆ ಈಗಿನದರ ಪಕ್ಕ ಇಟ್ಟು ನೋಡಲು ಹೇಳಿ. ಎರಡರಲ್ಲೂ ಥ್ರೆಡ್‌ಗಳು ಮಸುಕಿಲ್ಲದೆ ಹಲ್ಲುಹಲ್ಲಾಗಿ ಕಾಣಬೇಕು, ಇಲ್ಲದಿದ್ದರೆ ಕೋನ ತಪ್ಪಿದೆ, ಅಳತೆಗೆ ಬಾರದು. ಇಂಪ್ಲಾಂಟ್‌ನ ಉದ್ದ ಗೊತ್ತಿರುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡು ಎಷ್ಟು ಥ್ರೆಡ್ ಬಯಲಾಗಿದೆ ಎಂದು ಎಣಿಸಬಹುದು. ಮೆಲ್ಲಗೆ ಪ್ರೋಬ್ ಇಟ್ಟಾಗ ರಕ್ತ ಅಥವಾ ಕೀವು ಬಂದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ.

ನನಗೆ ಹಾಕಿದ ಇಂಪ್ಲಾಂಟ್‌ನ ಮೇಲ್ಭಾಗ ಚಿನ್ನದ ಬಣ್ಣದ್ದು. ಅದೂ ಮೂಳೆಯ ಒತ್ತಡ ಕಡಿಮೆ ಮಾಡುವ ಕೋಟಿಂಗ್ ಅಂದರು.
— ವ್ಯಾಪಾರಿ, ಕಲಬುರಗಿ

ಅದು ಬಹುಮಟ್ಟಿಗೆ ಟೈಟೇನಿಯಂ ನೈಟ್ರೈಡ್, ಕೆಲವೇ ಮೈಕ್ರಾನ್ ದಪ್ಪ. ಇರುವುದು ಇಂಪ್ಲಾಂಟ್ ಮತ್ತು ಕ್ಯಾಪ್ ನಡುವಿನ ಅಬಟ್ಮೆಂಟ್ ಎಂಬ ಕೊಂಡಿಯ ಮೇಲೆ, ಅಂದರೆ ವಸಡಿನ ಮಟ್ಟದಲ್ಲಿ. ತೆಳು ವಸಡಿನಡಿ ಬೂದು ಲೋಹ ಇಣುಕದಿರಲಿ, ಜೋಡಣೆಯ ಜಾಗ ಸವೆಯದಿರಲಿ ಅಂತ ಅದನ್ನು ಹಾಕುತ್ತಾರೆ. ಮೂಳೆಯನ್ನು ಅದು ಮುಟ್ಟುವುದೇ ಇಲ್ಲ.

ಲೋಹ ಬೇಡವೆಂದು ಬಿಳಿ ಜಿರ್ಕೋನಿಯಾ ಇಂಪ್ಲಾಂಟ್ ಕೇಳಿದ್ದೆ. ಅದು ಟೈಟೇನಿಯಂಗಿಂತ ಎರಡು ಪಟ್ಟು ಗಡಸು, ಮೂಳೆಗೆ ಎರಡು ಪಟ್ಟು ಪೆಟ್ಟು ಅಂತ ಯಾರೋ ಹೆದರಿಸಿದರು.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಗಡಸುತನದ ಮಾತು ನಿಜ, 200 ಗಿಗಾಪಾಸ್ಕಲ್‌ಗೂ ಮೇಲೆ. ಪೆಟ್ಟಿನ ಮಾತು ಸುಳ್ಳು. ಗಟ್ಟಿ ಮೂಳೆ 14ರ ಆಸುಪಾಸು ಇರುವಾಗ ಟೈಟೇನಿಯಂ ಅದರ ಏಳೆಂಟು ಪಟ್ಟು, ಜಿರ್ಕೋನಿಯಾ ಹದಿನೈದು ಪಟ್ಟು. ಮೂಳೆಯ ಕಣ್ಣಿಗೆ ಎರಡೂ ಬಗ್ಗದ ಕಂಬಗಳೇ, ಸುತ್ತಲಿನ ಒತ್ತಡದಲ್ಲಿ ವ್ಯತ್ಯಾಸ ಸಣ್ಣದು. ನೀವು ಯೋಚಿಸಬೇಕಾದ್ದು ಬೇರೆ. ಹಲವು ಜಿರ್ಕೋನಿಯಾ ಇಂಪ್ಲಾಂಟ್‌ಗಳು ಒಂದೇ ತುಂಡಿನವು, ಹಾಕಿದ ದಿನದಿಂದ ವಸಡಿನ ಮೇಲೆ ತಲೆ ಎತ್ತಿ ನಿಂತಿರುತ್ತವೆ. ನಾಲಿಗೆ, ತುತ್ತು ತಾಗಿ ಅಲುಗಾಡುವುದು 150 ಮೈಕ್ರಾನ್ ಮೀರಿದರೆ ಸುತ್ತ ಮೂಳೆಯ ಬದಲು ನಾರು ಬೆಳೆಯುತ್ತದೆ. ಪಿಂಗಾಣಿ ಜಾತಿಯ ವಸ್ತುವಾದ್ದರಿಂದ ಸಣ್ಣ ವ್ಯಾಸದಲ್ಲಿ ಮುರಿಯುವ ಭಯವೂ ಇದೆ.

ಅಪ್ಪನಿಗೆ ರಾತ್ರಿ ಹಲ್ಲು ಕಡಿಯುವ ಅಭ್ಯಾಸ. ಮೇಲ್ದವಡೆಯ ಹಿಂಭಾಗಕ್ಕೆ ಇಂಪ್ಲಾಂಟ್ ಬೇಕು, ಮೂಳೆ ಮೆತ್ತಗಿದೆಯಂತೆ. ಇಂಥ ಕಡೆಯಾದರೂ ಲೇಪನ ಕೆಲಸಕ್ಕೆ ಬರುತ್ತದೆಯೇ?
— ಮಂಗಳೂರಿನಿಂದ ಮಗಳು

ಇಂಥ ಕಡೆಯೇ ಬರುತ್ತದೆ. ಮೆತ್ತನೆ ಮೂಳೆಯಲ್ಲಿ ಇಂಪ್ಲಾಂಟ್‌ಗೆ ಮೊದಲ ದಿನದ ಹಿಡಿತ ಕಡಿಮೆ. ಎರಡರಿಂದ ನಾಲ್ಕನೇ ವಾರದಲ್ಲಿ ಹಳೆ ಮೂಳೆ ಕರಗುತ್ತಾ ಹೊಸದು ಇನ್ನೂ ಬಲಿಯದೆ ಹಿಡಿತ ಮತ್ತೂ ಇಳಿಯುತ್ತದೆ. ಮೂಳೆಯನ್ನು ಬೇಗ ಕರೆಯುವ ಮೇಲ್ಮೈ ಈ ತಗ್ಗನ್ನು ಆಳವಾಗದಂತೆ ನೋಡಿಕೊಳ್ಳುತ್ತದೆ. ಸಿಂಪಡಿಸಿದ ದಪ್ಪ ಪದರವೇ ಆಗಬೇಕೆಂದಿಲ್ಲ. ಉಪ್ಪುನೀರಿನ ಕೊಳವೆಯಲ್ಲಿ ಮುಳುಗಿಸಿ ಬರುವ, ನೀರು ಹಿಡಿಯುವ ಒರಟು ಮೇಲ್ಮೈಗಳು ಇದೇ ಕೆಲಸ ಮಾಡುತ್ತವೆ, ಕಿತ್ತು ಬರಲು ಅವುಗಳಲ್ಲಿ ಏನೂ ಇಲ್ಲ.

ಆದರೆ ಹಲ್ಲು ಕಡಿಯುವುದಕ್ಕೆ ಯಾವ ಲೇಪನವೂ ಮದ್ದಲ್ಲ. ಸ್ವಂತ ಹಲ್ಲಿನ ಬೇರಿನ ಸುತ್ತ ತೆಳು ನಾರಿನ ಹಾಸಿಗೆ ಇರುತ್ತದೆ, ಕಚ್ಚಿದಾಗ ಹಲ್ಲು 25ರಿಂದ 100 ಮೈಕ್ರಾನ್ ಇಳಿದು ತಗ್ಗುತ್ತದೆ. ಇಂಪ್ಲಾಂಟ್ ಇಳಿಯುವುದು 3ರಿಂದ 5 ಮೈಕ್ರಾನ್. ಎರಡೂ ಸಮ ಎತ್ತರದಲ್ಲಿದ್ದರೆ ಜೋರಾಗಿ ಕಚ್ಚಿದಾಗ ಇಡೀ ಭಾರ ಇಂಪ್ಲಾಂಟ್ ಮೇಲೆಯೇ. ಆದ್ದರಿಂದ ಕ್ಯಾಪ್ ಕೂರಿಸುವ ದಿನ 8 ಮೈಕ್ರಾನಿನ ಶಿಮ್‌ಸ್ಟಾಕ್ ಹಾಳೆ ಇಟ್ಟು ನೋಡಬೇಕು: ಮೆಲ್ಲಗೆ ಕಚ್ಚಿದಾಗ ಹಾಳೆ ಜಾರಿ ಹೊರಬರಬೇಕು, ಗಟ್ಟಿ ಕಚ್ಚಿದಾಗ ಮಾತ್ರ ಹಿಡಿಯಬೇಕು. ಕ್ಯಾಪ್‌ನ ಶಿಖರಗಳು ಚಪ್ಪಟೆಯಾಗಿರಲಿ, ಅಗಲ ಸ್ವಂತ ಹಲ್ಲಿಗಿಂತ ಕಿರಿದಿರಲಿ, ದವಡೆ ಪಕ್ಕಕ್ಕೆ ಸರಿದಾಗ ಎದುರು ಹಲ್ಲು ತಾಗದಿರಲಿ. ಎರಡು ಹಲ್ಲು ಹೋಗಿದ್ದರೆ ಎರಡು ಇಂಪ್ಲಾಂಟ್ ಹಾಕಿ ಕ್ಯಾಪ್‌ಗಳನ್ನು ಒಂದಕ್ಕೊಂದು ಜೋಡಿಸಲಿ. ಅವಸರ ಬೇಡ. ಟೈಟೇನಿಯಂ ಇಂಪ್ಲಾಂಟ್ ರೂಢಿಗೆ ತಂದ ಬ್ರೋನೆಮಾರ್ಕ್ ಅವರ ಮೂಲ ಪದ್ಧತಿಯಲ್ಲಿ ಮೇಲ್ದವಡೆಗೆ ಆರು ತಿಂಗಳು ಕಾಯುತ್ತಿದ್ದರು. ಈಗ ಅಷ್ಟು ಬೇಡವಾದರೂ ನಿಮ್ಮ ತಂದೆಯವರ ವಿಷಯದಲ್ಲಿ ನಾಲ್ಕೈದು ತಿಂಗಳು ಬಿಡುವುದೇ ಒಳ್ಳೆಯದು. ರಾತ್ರಿಗೆ ಗಟ್ಟಿ ಅಕ್ರಿಲಿಕ್ ಗಾರ್ಡ್ ಮಾಡಿಸಿ. ಅಂಗಡಿಯಲ್ಲಿ ಸಿಗುವ ಮೆತ್ತನೆ ರಬ್ಬರಿನದನ್ನು ಕೆಲವರು ಇನ್ನೂ ಜೋರಾಗಿ ಅಗಿಯುತ್ತಾರೆ.

ವಸಡು ಇಳಿದು ಲೇಪನದ ಇಂಪ್ಲಾಂಟ್‌ನ ಎರಡು ಥ್ರೆಡ್ ಬಯಲಾಗಿವೆ. ಕ್ಲೀನಿಂಗ್ ಹೇಗೆ? ಆ ಲೇಪನವನ್ನು ಉಜ್ಜಿ ತೆಗೆಯುವುದು ಸರಿಯೇ?
— ದಂತವೈದ್ಯೆ, ವಿಜಯಪುರ

ಸ್ಟೀಲ್ ಸ್ಕೇಲರ್ ಮುಟ್ಟಿಸಬೇಡಿ. ಟೈಟೇನಿಯಂ ಅಥವಾ ಕಾರ್ಬನ್ ಫೈಬರ್ ಕ್ಯುರೆಟ್, ಗ್ಲೈಸಿನ್ ಪುಡಿಯ ಗಾಳಿ-ನೀರಿನ ತೊಳೆತ ಬಳಸಬಹುದು. ರೋಗಿಯ ಕೈಗೆ ಪ್ಲಾಸ್ಟಿಕ್ ಹೊದಿಕೆಯ ತಂತಿಯಿರುವ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಕೊಡಿ.

ಮೂಳೆಯೊಳಗಿದ್ದಾಗ ಉಪಕಾರ ಮಾಡಿದ ಒರಟುತನ ಬಾಯಿಗೆ ತೆರೆದುಕೊಂಡ ಮೇಲೆ ಬ್ಯಾಕ್ಟೀರಿಯಾಗಳಿಗೆ ಮನೆ. ಸಿಂಪಡಿಸಿದ ಪದರವಾದರೆ ಅದರಡಿಗೂ ನುಸುಳುತ್ತವೆ. ಆದ್ದರಿಂದ ವಸಡಿನ ಫ್ಲ್ಯಾಪ್ ಎತ್ತಿ, ಬಯಲಾದ ಭಾಗದ ಲೇಪನವನ್ನೂ ಥ್ರೆಡ್ ತುದಿಗಳನ್ನೂ ನಯ ಮಾಡುವುದು ಒಪ್ಪಿತ ಕ್ರಮವೇ. ಅಂಗಾಂಶಗಳಿಗೆ ಲೋಹದ ಪುಡಿ ಹೋಗದಂತೆ ನೀರು ಧಾರಾಳ ಬಿಟ್ಟು, ಸುತ್ತ ರಬ್ಬರ್ ಡ್ಯಾಮ್ ತುಂಡು ಅಥವಾ ಗಾಜ್ ಒತ್ತಿಟ್ಟುಕೊಳ್ಳಿ. ಎಷ್ಟು ಉಜ್ಜುತ್ತೀರಿ ಎಂಬುದನ್ನು ಮಾತ್ರ ಕ್ಯಾಲಿಪರ್ ಹಿಡಿದು ನೋಡಿಕೊಳ್ಳಿ. 4 ಮಿ.ಮೀ. ಕುತ್ತಿಗೆ 3.7ಕ್ಕೆ ಇಳಿದರೆ ಬಾಗುವ ಒತ್ತಡ ಕಾಲು ಭಾಗಕ್ಕೂ ಮಿಕ್ಕಿ ಏರುತ್ತದೆ. ಅದೂ ಘನ ಕಂಬದ ಲೆಕ್ಕ. ಒಳಗೆ ಸ್ಕ್ರೂ ತೂತು ಇರುವುದರಿಂದ ಗೋಡೆ ಅದಕ್ಕಿಂತ ತೆಳು. 3.5 ಮಿ.ಮೀ. ಇಂಪ್ಲಾಂಟ್ ಆಗಿದ್ದು, ಮೇಲೆ ಎತ್ತರದ ಕ್ಯಾಪ್ ಇದ್ದರೆ ಉಜ್ಜುವ ಯೋಚನೆ ಬಿಡಿ.